ಬೈಕ್ ಬದಲಾಯಿತು, ನೋವು ಅಲ್ಲೇ ಇತ್ತು

ಕಡೂರು ದಾಟುವಷ್ಟರಲ್ಲಿ ಬಲಗೈಯ ಕಿರುಬೆರಳೂ ಉಂಗುರದ ಬೆರಳೂ ಮರಗಟ್ಟಿದ್ದವು. ಬೀರೂರಿನಲ್ಲಿ ಚಹಾಕ್ಕೆ ಇಳಿದಾಗ ಲೋಟ ಹಿಡಿಯಲು ಎಡಗೈಯೇ ಬೇಕಾಯಿತು. ಬೆಂಗಳೂರಿನಿಂದ ಹೊನ್ನಾವರಕ್ಕೆ, ಸುಮಾರು 450 ಕಿಲೋಮೀಟರ್, 100 ಸಿಸಿ ಬೈಕಿನಲ್ಲಿ ನನ್ನ ಮೊದಲ ದೂರಪ್ರಯಾಣವದು. ತಪ್ಪೆಲ್ಲ ಬೈಕಿನದೇ ಎಂದು ತೀರ್ಮಾನಿಸಿ ಮರುವರ್ಷ 350 ಸಿಸಿಯದೊಂದನ್ನು ಕೊಂಡೆ. ಷೋರೂಮಿನಲ್ಲಿ ಕುಳಿತು ನೋಡಿದಾಗ ಸೀಟು ಸೋಫಾದಂತಿತ್ತು. ಅದೇ ದಾರಿ ಹಿಡಿದೆ. ಅದೇ ಬೀರೂರು, ಅದೇ ಎರಡು ಬೆರಳು. ಜೊತೆಗೆ ಸೊಂಟನೋವು ಬೇರೆ.

ಆ ಎರಡೇ ಬೆರಳು ಏಕೆ ಎಂಬುದು ಗೊತ್ತಾದದ್ದು ಆಮೇಲೆ. ಅವುಗಳ ನರ ಕಿರುಬೆರಳಿನ ಕಡೆಯ ಅಂಗೈ ಬುಡದಲ್ಲಿ ಹಾದುಹೋಗುತ್ತದೆ. ನಾನು ಮೈಭಾರವನ್ನೆಲ್ಲ ಹ್ಯಾಂಡಲ್ ಮೇಲೆ ಹಾಕಿ, ಗಂಟೆಗಟ್ಟಲೆ ಅದೇ ಜಾಗವನ್ನು ಒತ್ತುತ್ತಿದ್ದೆ. ಸ್ಪ್ಯಾನರ್ ಹಿಡಿದು ಬ್ರೇಕ್ ಮತ್ತು ಕ್ಲಚ್ ಲಿವರ್‌ಗಳನ್ನು ತುಸು ಕೆಳಕ್ಕೆ ತಿರುಗಿಸಿದೆ. ಕುಳಿತಾಗ ಮೊಣಕೈಯಿಂದ ಬೆರಳ ತುದಿಯವರೆಗೆ ಒಂದೇ ಗೆರೆ ಬರಬೇಕು, ಮಣಿಕಟ್ಟು ಮುರಿದಂತೆ ಬಾಗಬಾರದು. ಹತ್ತು ನಿಮಿಷದ ಕೆಲಸ. ಮೊಣಕಾಲುಗಳಿಂದ ಟ್ಯಾಂಕ್ ಅಪ್ಪಿ ಹಿಡಿದು ಹೊಟ್ಟೆಯ ಬಲದಿಂದ ಕುಳಿತುಕೊಳ್ಳಲು ಮಾತ್ರ ತಿಂಗಳುಗಳೇ ಹಿಡಿದವು. ಖಾಲಿ ರಸ್ತೆಯಲ್ಲಿ ಹ್ಯಾಂಡಲ್ ಬಿಡದೆ ಮೊಣಕೈಗಳನ್ನು ಕೋಳಿ ರೆಕ್ಕೆ ಬಡಿದಂತೆ ಆಡಿಸಿ ನೋಡುತ್ತೇನೆ. ಸಲೀಸಾಗಿ ಆಡಿದರೆ ಭಾರ ಕೈಮೇಲಿಲ್ಲ ಎಂದರ್ಥ. ನೋಡಿದವರು ನಗುತ್ತಾರೆ, ನಗಲಿ.

ಸೊಂಟದ ವಿಷಯದಲ್ಲಿ ಅರ್ಧ ತಪ್ಪು ಸೀಟಿನದು. ಹತ್ತು ನಿಮಿಷಕ್ಕೆ ಹಿತವೆನಿಸುವ ಮೆತ್ತನೆಯ ಫೋಮ್ ಎರಡು ಗಂಟೆಯಲ್ಲಿ ಅಮುಕಿಹೋಗಿ, ಕೂರುವ ಮೂಳೆ ತಳದ ಹಲಗೆಗೆ ತಾಗುತ್ತದೆ. ಮುಂದಕ್ಕೆ ಇಳಿಜಾರಿದ್ದರಂತೂ ಜಾರಿ ಜಾರಿ ಟ್ಯಾಂಕಿಗೆ ಬಂದು ಕೂರುತ್ತೇವೆ, ಹಿಂದೆ ಸರಿಯಲು ಮತ್ತೆ ಕೈಗೇ ಕೆಲಸ. ಸೀಟು ಹೊಲಿಯುವವರೊಬ್ಬರಿಂದ ಗಟ್ಟಿ ಫೋಮ್ ಹಾಕಿಸಿ, ಇಳಿಜಾರು ತೆಗೆಸಿ, ಹಿಂಭಾಗ ಅಗಲ ಮಾಡಿಸಿದೆ. ನೋಡಲು ಮಣೆಯಂತಿದೆ, ಮೊದಲ ಅರ್ಧ ಗಂಟೆ ಮಣೆಯಂತೆಯೇ ಇರುತ್ತದೆ. ಅರಸೀಕೆರೆಯ ನಂತರ ಅದರ ಬೆಲೆ ಗೊತ್ತಾಗುತ್ತದೆ. ಜೀನ್ಸ್ ಪ್ಯಾಂಟಿನ ದಪ್ಪ ಹೊಲಿಗೆಯೂ ಶತ್ರುವೇ.

ಉಳಿದರ್ಧ ತಪ್ಪು ನನ್ನ ಜಂಬದ್ದು. 200 ಕಿಲೋಮೀಟರ್ ನಿಲ್ಲದೆ ಓಡಿಸಿದೆ ಎಂದು ಹೇಳಿಕೊಳ್ಳುವ ಆಸೆಯಿಂದ ನೀರನ್ನೂ ಕುಡಿಯುತ್ತಿರಲಿಲ್ಲ. ಈಗ 80 ಕಿಲೋಮೀಟರಿಗೊಮ್ಮೆ ಇಳಿದು ಐದು ನಿಮಿಷ ನಡೆಯುತ್ತೇನೆ. ಹೆಲ್ಮೆಟ್ಟಿನೊಳಗಿನ ಗಾಳಿಯ ಸದ್ದಿಗೆ ಫೋಮಿನ ಕಿವಿಬೆಣೆ ಹಾಕಿಕೊಂಡ ದಿನದಿಂದ ಸಂಜೆಯ ತಲೆಭಾರ ಇಳಿದಿದೆ. ಹಾರ್ನ್ ಹೇಗೂ ಕೇಳಿಸುತ್ತದೆ.

ಇಷ್ಟೆಲ್ಲ ಕಲಿತ ಮೇಲೆ ಹಳೆಯ 100 ಸಿಸಿ ಬೈಕನ್ನೇ ಹೊನ್ನಾವರಕ್ಕೆ ಒಯ್ದೆ. ಬೆರಳು ಮರಗಟ್ಟಲಿಲ್ಲ. ಮಾವಿನಗುಂಡಿ ದಾಟಿ ಗೇರುಸೊಪ್ಪೆಗೆ ಇಳಿಯುವ ಘಟ್ಟದ ತಿರುವುಗಳಲ್ಲಿ ಆ ಹಗುರ ಬೈಕೇ ಹೆಚ್ಚು ಹಿತವೆನಿಸಿತು. ಆದರೆ ತಿಪಟೂರಿನ ಆಚೀಚೆ ಲಾರಿಗಳನ್ನು ಹಿಂದಿಕ್ಕುವಾಗ ಎಂಜಿನ್ ಏದುಸಿರು ಬಿಡುತ್ತಿತ್ತು, ಕಾಲಡಿಯ ಕಂಪನ ಮೊಣಕಾಲಿನವರೆಗೆ ಏರುತ್ತಿತ್ತು. ಅದಕ್ಕೆ ಯಾವ ಕೂರುವ ಭಂಗಿಯೂ ಮದ್ದಲ್ಲ. ದೂರಪ್ರಯಾಣದ ಸುಖದಲ್ಲಿ ಹತ್ತಕ್ಕೆ ಏಳು ಪಾಲು ಸವಾರನದು, ಮೂರು ಪಾಲು ಬೈಕಿನದು ಎಂಬುದು ನನ್ನ ಲೆಕ್ಕ.

ಹಿಂದೆ ಕೂರುವವರ ಲೆಕ್ಕವೇ ಬೇರೆ. ಅವರಿಗೆ ಹ್ಯಾಂಡಲ್ಲಿಲ್ಲ, ಅಪ್ಪಿ ಹಿಡಿಯಲು ಟ್ಯಾಂಕಿಲ್ಲ. ಬೈಕ್ ಕೊಟ್ಟಷ್ಟೇ ಸುಖ. ಹೆಂಡತಿ ಜೊತೆಗಿದ್ದರೆ 350ನ್ನೇ ತೆಗೆಯುತ್ತೇನೆ, ಹಿಂದಿನ ಸ್ಪ್ರಿಂಗನ್ನು ಒಂದೆರಡು ಮೆಟ್ಟಿಲು ಬಿಗಿ ಮಾಡುತ್ತೇನೆ. ಆದರೂ ಸಾಗರದಲ್ಲಿ ಇಳಿದ ಕೂಡಲೇ ಅವಳು ಕೇಳುವುದು ಹೊನ್ನಾವರದ ಬಸ್ಸು ಎಷ್ಟು ಗಂಟೆಗೆ ಎಂದು.