ನೆಟ್‌ನಲ್ಲಿ ಸಿಗದ ಉತ್ತರ

ಸಾಹಿತ್ಯದ ತರಗತಿಗೆ ಇಂಟರ್‌ನೆಟ್ ತಂದರೆ ಮಕ್ಕಳು ಪುಸ್ತಕ ಮುಟ್ಟುವುದಿಲ್ಲ ಅನ್ನುವವರು ಜಾಸ್ತಿ. ನನ್ನ ಅನುಭವ ಬೇರೆ. ಎಲ್ಲ ನಾವು ಕೇಳುವ ಪ್ರಶ್ನೆಯ ಮೇಲಿದೆ. ‘ಲೇಖಕಿ ಎಲ್ಲಿ ಹುಟ್ಟಿದಳು?’ ಅಂತ ಕೇಳಿದರೆ ಕಾಪಿ, ಪೇಸ್ಟ್, ಮುಗೀತು. ನೆಟ್‌ನಲ್ಲಿ ಓದಿದ್ದನ್ನು ಹಿಡಿದು ಮತ್ತೆ ಪುಸ್ತಕಕ್ಕೇ ಬರಬೇಕು, ಅಂಥ ಪ್ರಶ್ನೆ ಬೇಕು.

ನಾನು ಬಳಸುವುದು ವೆಬ್‌ಕ್ವೆಸ್ಟ್ ಮಾದರಿ, ಅಂದರೆ ಕೊಟ್ಟ ಪ್ರಶ್ನೆಗೆ ಮಕ್ಕಳು ನೆಟ್‌ನಲ್ಲಿ ಓದಿ ತಾವೇ ಉತ್ತರ ಕಟ್ಟುವ ಪಾಠ. 1995ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ಸ್ಟೇಟ್ ವಿಶ್ವವಿದ್ಯಾಲಯದ ಬರ್ನಿ ಡಾಡ್ಜ್ ರೂಪಿಸಿದ್ದು. ಪೀಠಿಕೆ, ಕೆಲಸ, ಹಂತಗಳು, ಮೌಲ್ಯಮಾಪನ ಅಂತೆಲ್ಲ ಭಾಗಗಳಿವೆ. ನನಗೆ ಮುಖ್ಯವಾದದ್ದು ಒಂದೇ: ನೋಡಬೇಕಾದ ಪುಟಗಳನ್ನು ಶಿಕ್ಷಕರೇ ಮೊದಲು ಓದಿ ಆರಿಸಿಕೊಡುತ್ತಾರೆ. ಹುಡುಕಾಟದಲ್ಲೇ ಪಿರಿಯಡ್ ಕಳೆದುಹೋಗುವುದಿಲ್ಲ.

ಎರಡನೇ ಮಹಾಯುದ್ಧದಲ್ಲಿ ನಾಜಿಗಳಿಂದ ತಪ್ಪಿಸಿಕೊಳ್ಳಲು ಮನೆಯವರ ಜೊತೆ ಅಡಗಿದ್ದ ಯಹೂದಿ ಹುಡುಗಿ ಆನ್ ಫ್ರಾಂಕ್‌ಳ ದಿನಚರಿಗೆ ನಾನು ಕೊಟ್ಟ ಪ್ರಶ್ನೆ ಇದು: ‘ಇದನ್ನು ಅವಳು ತನಗೋಸ್ಕರ ಬರೆದಳೋ, ನಮಗೋಸ್ಕರ ಬರೆದಳೋ?’ ಇದಕ್ಕೆ ಸಿದ್ಧ ಉತ್ತರ ಎಲ್ಲೂ ಇಲ್ಲ. ಪ್ರತಿ ಗುಂಪಿನಲ್ಲೂ ಒಬ್ಬರಿಗೆ ಯುದ್ಧಕಾಲದ ಇತಿಹಾಸ, ಒಬ್ಬರಿಗೆ ಅಡಗಿದ್ದ ಮನೆ, ಒಬ್ಬರಿಗೆ ಹಸ್ತಪ್ರತಿಯ ಕಥೆ. ಪುಸ್ತಕ ಮಾತ್ರ ಎಲ್ಲರಿಗೂ.

ಮನೆ ನೋಡಲು ಕೂತವರು ಆಮ್‌ಸ್ಟರ್‌ಡ್ಯಾಮ್‌ನ ಆನ್ ಫ್ರಾಂಕ್ ಮ್ಯೂಸಿಯಂನ ಜಾಲತಾಣದಲ್ಲಿ ಕೋಣೆಯಿಂದ ಕೋಣೆಗೆ ಓಡಾಡಿದರು. ಪುಸ್ತಕದ ಕಪಾಟಿನ ಹಿಂದಿನ ಬಾಗಿಲು, ಗೋಡೆಗೆ ಅಂಟಿಸಿದ ಸಿನಿಮಾ ತಾರೆಯರ ಚಿತ್ರಗಳು. ಮಕ್ಕಳ ಎತ್ತರ ಅಳೆದು ಹಾಕಿದ ಪೆನ್ಸಿಲ್ ಗೆರೆಗಳೂ ಅಲ್ಲಿವೆ. 1942ರ ಜುಲೈನಿಂದ 1944ರ ಆಗಸ್ಟ್‌ವರೆಗೆ ಆ ಮನೆಯೊಳಗೇ ಇದ್ದ ಆನ್ 13 ಸೆಂಟಿಮೀಟರಿಗಿಂತ ಜಾಸ್ತಿ ಬೆಳೆದಿದ್ದಳು. ಇದು ಗೊತ್ತಾದ ಮೇಲೆ ಒಬ್ಬ ಹುಡುಗ ತಾನಾಗಿಯೇ ಪುಸ್ತಕ ತೆಗೆದು, ಬಟ್ಟೆ ಚಿಕ್ಕದಾಯಿತು ಅಂತ ಅವಳು ಎಲ್ಲಾದರೂ ಬರೆದಿದ್ದಾಳಾ ಅಂತ ಹುಡುಕತೊಡಗಿದ. ಅದು ನನ್ನ ಹಾಳೆಯಲ್ಲಿ ಇರಲೇ ಇಲ್ಲ!

ಹಸ್ತಪ್ರತಿಯ ಕಡೆಯವರಿಗೆ ಇನ್ನೂ ದೊಡ್ಡದು ಸಿಕ್ಕಿತು. 1944ರ ಮಾರ್ಚ್ 28ರಂದು, ಜರ್ಮನರು ದೇಶ ಆಕ್ರಮಿಸಿದ್ದರಿಂದ ಲಂಡನ್ನಿನಲ್ಲಿದ್ದ ಡಚ್ (ನೆದರ್‌ಲೆಂಡ್ಸ್) ಸರ್ಕಾರದ ಮಂತ್ರಿಯೊಬ್ಬರು ಯುದ್ಧ ಮುಗಿದ ಮೇಲೆ ದಿನಚರಿ, ಪತ್ರಗಳನ್ನು ಸಂಗ್ರಹಿಸುತ್ತೇವೆ ಅಂತ ರೇಡಿಯೊದಲ್ಲಿ ಹೇಳಿದ್ದರು. ಅದನ್ನು ಕೇಳಿದ ಆನ್ ಆಮೇಲೆ ತನ್ನ ದಿನಚರಿಯನ್ನು ತಾನೇ ತಿದ್ದಿ ಬರೆಯತೊಡಗಿದಳು. 1947ರಲ್ಲಿ ಪ್ರಕಟವಾದ ಪುಸ್ತಕವನ್ನು ಅವಳ ಅಪ್ಪ ಎರಡೂ ಪ್ರತಿಗಳಿಂದ ಜೋಡಿಸಿದ್ದು.

‘ಹಾಗಾದ್ರೆ ಇದು ನಿಜವಾದ ಡೈರಿ ಅಲ್ಲ ಅಲ್ವಾ ಮಿಸ್?’ ಅಂತ ಒಬ್ಬಳು ಕೇಳಿದಳು. ಪಕ್ಕದ ಗುಂಪು ಕೆರಳಿತು. ತಿದ್ದಿದ ಮಾತ್ರಕ್ಕೆ ಸುಳ್ಳಾಗುತ್ತಾ? ನಾನು ಸುಮ್ನೆ ಇದ್ದೆ. ಯಾರ ವಾದವಾದರೂ ಸರಿ, ಪುಸ್ತಕದಿಂದ ಮೂರು ಜಾಗ ತೋರಿಸಬೇಕು ಅನ್ನುವ ನಿಯಮ ಮೊದಲೇ ಹೇಳಿದ್ದೆ. ಎರಡೂ ಕಡೆಯವರು ತೋರಿಸಿದರು, ಎರಡೂ ಕಡೆಗೆ ಒಳ್ಳೆಯ ಅಂಕ ಸಿಕ್ಕಿತು. ಸ್ಲೈಡಿನ ಬಣ್ಣ, ಅಲಂಕಾರಕ್ಕೆ ನಾನು ಅಂಕ ಇಡುವುದಿಲ್ಲ. ಇಟ್ಟರೆ ಅರ್ಧ ಸಮಯ ಅದಕ್ಕೇ ಹೋಗುತ್ತದೆ.

ಮಾಡಿ ನೋಡುವವರಿಗೆ ಎರಡು ಮಾತು. ಕೊಂಡಿಗಳನ್ನು ತರಗತಿಯ ಹಿಂದಿನ ದಿನ ಒಮ್ಮೆ ತೆರೆದು ನೋಡಿ, ಕೆಲವು ಸತ್ತಿರುತ್ತವೆ. ಮುಖ್ಯವಾದ ಪುಟಗಳ ಪ್ರಿಂಟ್ ಕೈಯಲ್ಲಿರಲಿ. ನೆಟ್ ಕೈಕೊಟ್ಟರೂ ಪಾಠ ನಿಲ್ಲುವುದಿಲ್ಲ.