ಹಳೆ ವಾಡೆಯ ಕಲ್ಲಲ್ಲೇ ಗೋಡೆ ಎಬ್ಬಿಸಿದೆವು

ರಾಯಚೂರು ಜಿಲ್ಲೆಯ ಮುದಗಲ್ ಕಡೆ ಬಿದ್ದುಹೋಗಿದ್ದ ವಾಡೆಯೊಂದರ (ಹಳೇ ಕಾಲದ ದೊಡ್ಡ ಮನೆ) ಮುಂದಿನ ಗೋಡೆಯನ್ನು ಬಿಚ್ಚಿ, ಅದರದೇ ಕಲ್ಲಲ್ಲಿ, ಸುಣ್ಣದ ಗಾರೆಯಲ್ಲಿ ಮತ್ತೆ ಕಟ್ಟಿದ್ದೇವೆ. ಎರಡು ಮಳೆಗಾಲ ದಾಟಿದೆ, ಎಲ್ಲೂ ಬಿರುಕಿಲ್ಲ. 'ಸುಮ್ನೆ ಹೊಸ ಕಲ್ಲು ತರಿಸು, ಸಿಮೆಂಟ್ ಹಾಕು' ಅಂದಿದ್ದ ಮೇಸ್ತ್ರಿಗಳೇ ಈಗ ಬಂದು ಗೋಡೆ ತಟ್ಟಿ ನೋಡುತ್ತಾರೆ.

ಕೆಲಸ ಉಳಿಸಿದ್ದು ಬಿಚ್ಚುವಾಗ ಪ್ರತಿ ಕಲ್ಲಿಗೂ ಹಾಕಿದ ನಂಬರು. ಸೀಮೆಸುಣ್ಣದಲ್ಲಿ ಬರೆದದ್ದು ಒಂದೇ ಮಳೆಗೆ ತೊಳೆದುಹೋಯಿತು. ಕಲ್ಲಿನ ಮುಖಕ್ಕೆ ಪೇಂಟ್ ಬಳಿದರೆ ಆಮೇಲೆ ಹೋಗಲ್ಲ. ಮೇಲಿನ ವರಸೆ (ಕಲ್ಲಿನ ಸಾಲು) ತೆಗೆದಾಗ ಕೆಳಗಿನ ಕಲ್ಲಿನ ತಲೆ ಕಾಣುತ್ತದೆ ನೋಡಿ, ನಂಬರು ಅಲ್ಲಿಗೆ, ಕೆಂಪು ಪೇಂಟಲ್ಲಿ. ಕಟ್ಟುವಾಗ ಗಾರೆಯಡಿ ಮುಚ್ಚಿಹೋಗುತ್ತದೆ.

ಜೆಸಿಬಿ ಬೇಡವೆಂದೆ. ಬಕೆಟ್ ತಾಗಿದರೆ ಕಲ್ಲಿನ ಮೂಲೆ ಹೋಯಿತು ಅಂತಲೇ. ಗ್ರಾನೈಟ್ ಘನ ಅಡಿಗೆ 75 ಕಿಲೋ ತೂಗುತ್ತದೆ, ಚೈನ್ ಪುಲ್ಲಿ ಸಾಕು. ರಾಯಚೂರು ಕೋಟೆಯ 1294ರ ಶಾಸನದ ಕಲ್ಲು 41 ಅಡಿಗೂ ಉದ್ದ. ಅದನ್ನು ಬಂಡಿಯಲ್ಲಿ ಎಳೆದು ತಂದ ಚಿತ್ರವೂ ಅಲ್ಲೇ ಕೆತ್ತಿದೆ. ನಮ್ಮವು ಮೂರಡಿಯವು!

ಕಲ್ಲಿಗೆ ಮೆತ್ತಿದ್ದ ಮಣ್ಣು ನೀರು, ಬ್ರಷ್‌ಗೆ ಬಿಟ್ಟುಕೊಂಡಿತು. ಹಿಂದೆ ಯಾರೋ ಸಿಮೆಂಟ್ ತುಂಬಿದ್ದ ಕಡೆ ಮಾತ್ರ ಉಳಿ ಹಿಡಿದು ಕೂರಬೇಕಾಯಿತು. ಒಬ್ಬ ಆಳಿಗೆ ದಿನಕ್ಕೆ ಹತ್ತು ಕಲ್ಲೂ ಕಷ್ಟ, ಕೂಲಿ ತಿಂದದ್ದೇ ಅಲ್ಲಿ.

ಮೊದಲು ಕಟ್ಟಿದ ಭಾಗದ ಗಾರೆ ಗಟ್ಟಿಯಾಗಲೇ ಇಲ್ಲ, ಉಗುರಲ್ಲಿ ಕೆರೆದರೆ ಪುಡಿ. ಅಂಗಡಿಯ ಚೀಲದ ಸುಣ್ಣ ಗಾಳಿ ಕುಡಿದು ಸತ್ತಿತ್ತು. ಅಷ್ಟೂ ಬಿಚ್ಚಿ, ಸುಟ್ಟ ಸುಣ್ಣದ ಹರಳು ತರಿಸಿ ಗುಂಡಿಯಲ್ಲಿ ತಿಂಗಳು ನೆನೆಹಾಕಿದೆವು. ಸುಣ್ಣ ಒಂದಕ್ಕೆ ಮರಳು, ಇಟ್ಟಿಗೆ ಪುಡಿ ಸೇರಿ ಎರಡು. ಕಲಸುವ ನೀರಿಗೆ ಏನು ಹಾಕುತ್ತೇವೆಂದು ಇಲ್ಲಿ ಹೇಳಲ್ಲ. ನಮ್ಮ ಬಿಸಿಲಿಗೆ ಹತ್ತು ದಿನ ಗೋಡೆಗೆ ಒದ್ದೆ ಗೋಣಿಚೀಲ ಹೊದಿಸುವುದು ಮಾತ್ರ ತಪ್ಪಿಸಬೇಡಿ.

ನಡುವೆ, ಕಲ್ಲು ಸ್ವಚ್ಛವಾಗುತ್ತದೇನೋ ಅಂತ, ಅಂಗಳದ ಶಹಾಬಾದ್ ಪರಸಿಯ (ಹಾಸುಗಲ್ಲು) ಒಡೆದ ಚೂರಿನ ಮೇಲೆ ಆಸಿಡ್ ಹಾಕಿ ನೋಡಿದೆ. ನೊರೆ ಎದ್ದು ಮೈಯೇ ಹೋಯಿತು. ಸುಣ್ಣದ ಕಲ್ಲಲ್ವಾ! ಗ್ರಾನೈಟ್ ಮೇಲೆ ಹಳದಿ ಕಲೆ ಬಿತ್ತು. ಆಸಿಡ್ ಕ್ಯಾನ್ ಅಂದೇ ವಾಪಸ್.

ಬುನಾದಿಯಲ್ಲಿ ವೀರಗಲ್ಲಿನ ತುಂಡೊಂದು ಸಿಕ್ಕಿತು. ಅದನ್ನು ಗೋಡೆಗೆ ಸೇರಿಸಲಿಲ್ಲ, ಪುರಾತತ್ವ ಇಲಾಖೆಗೆ ತಿಳಿಸಿದೆವು. ಅಕ್ಷರ, ಶಿಲ್ಪ ಇರುವ ಕಲ್ಲನ್ನು ಯಾರೂ ಕಟ್ಟಡಕ್ಕೆ ಹಾಕಬೇಡಿ.

ಕೂಲಿ, ಸುಣ್ಣ ಸೇರಿ ಎರಡು ಲಕ್ಷದ ಹತ್ತಿರ ಬಂತು. ಹೊಸದಾದರೆ ಕಲ್ಲಿಗೇ ಅಷ್ಟಾಗುತ್ತಿತ್ತು. ಮಾಲೀಕರು ಹಿತ್ತಲ ಗೋಡೆಯನ್ನೂ ನಮಗೇ ಕೊಟ್ಟಿದ್ದಾರೆ. ದೀಪಾವಳಿ ಆದ ಮೇಲೆ ಶುರು, ಸುಣ್ಣ ಆಗಲೇ ಗುಂಡಿಗೆ ಹಾಕಿದ್ದೇವೆ.