ಮಳೆಗಾಲದಲ್ಲಿ ಸ್ವೀಡನ್ನಿನ ಬೇಸಿಗೆ ರಾತ್ರಿ ನೋಡುವುದು ಹೇಗೆ?

ಸ್ವೀಡನ್ನಿನ ನಿರ್ದೇಶಕ ಇಂಗ್ಮಾರ್ ಬರ್ಗ್‌ಮನ್ 1955ರಲ್ಲಿ ಮಾಡಿದ ‘ಸ್ಮೈಲ್ಸ್ ಆಫ್ ಎ ಸಮ್ಮರ್ ನೈಟ್’ ಸಿನಿಮಾ ನೋಡುವ ಮೊದಲು ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಮಾಡಿಕೊಳ್ಳಿ. ನಮ್ಮ ತೀರ್ಥಹಳ್ಳಿ ಕಡೆ ಜುಲೈನಲ್ಲಿ ಕರೆಂಟ್ ನಂಬಬೇಡಿ. ಸಬ್‌ಟೈಟಲ್ ದೊಡ್ಡದು ಮಾಡಿ. ಹೆಂಚಿನ ಮೇಲೆ ಮಳೆ ಬಡಿಯುವಾಗ ಮಾತು ಕೇಳಿಸುವುದಿಲ್ಲ. ಕೇಳಿಸಿದರೂ ಸ್ವೀಡಿಷ್ ಅಲ್ವಾ!

ಇದರಲ್ಲಿ ಎಲ್ಲರೂ ಎಲ್ಲರಿಗೂ ಟೋಪಿ ಹಾಕುವವರೇ. ಯಾರಿಗೆ ಯಾರ ಮೇಲೆ ಕಣ್ಣು ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ವಕೀಲ ಫ್ರೆಡ್ರಿಕ್, ಅವನ 19 ವರ್ಷದ ಹೆಂಡತಿ, ಹಳೆಯ ಗೆಳತಿಯಾದ ನಟಿ ಡೆಸಿರೆ. ಈ ಮೂವರನ್ನು ಹಿಡಿದುಕೊಂಡರೆ ಸಾಕು.

ಮೊದಲ ಸಲ ನಾನು ಹಲಸಿನ ಹಪ್ಪಳ ಕರಿಯಲು ಎದ್ದು ಹೋದೆ. ಬರುವಷ್ಟರಲ್ಲಿ, ಪಕ್ಕದ ಕೋಣೆಯಿಂದ ಗೋಡೆ ದಾಟಿ ಮಂಚ ಜಾರಿ ಬರುವ ದೃಶ್ಯವೇ ಮುಗಿದಿತ್ತು. ಹಪ್ಪಳ ಮೊದಲೇ ಕರಿದಿಡಿ. ಕೊನೆಯಲ್ಲಿ ಪಿಸ್ತೂಲಿನ ಆಟ ಇದೆ. ಜೊತೆಗೆ ಕೂತು ನೋಡುವ ಅತ್ತೆ ಎಷ್ಟೇ ಗಾಬರಿಯಾದರೂ ಗುಟ್ಟು ಬಿಟ್ಟುಕೊಡಬೇಡಿ.